ಒರೆ ಬಿಟ್ಟು ಹೋದ ಬಾಕು

ವಂದನಾರ್ಪಣೆಗೆ ಎದ್ದು ನಿಂತಾಗ ದನಿಯೇ ಹೊರಡದಿದ್ದರೆ? ಕುಮುದಿನಿಗೆ ಬೆಳಗಿನಿಂದ ಇದೊಂದೇ ಚಿಂತೆ. ಹಿಂದಿನ ದಿನ ಡೈರಿಯಲ್ಲೂ ಅದನ್ನೇ ಬರೆದುಕೊಂಡಿದ್ದಳು: 'ನಾಳೆ ನಾಲ್ಕು ಮಾತು ಆಡಬೇಕಂತೆ. ನನ್ನ ಗಂಟಲಿನ ಮೇಲೆ ನನಗೇ ಭರವಸೆ ಇಲ್ಲ.' ಧಾರವಾಡದಲ್ಲಿ ಬಿ.ಎ. ಮುಗಿಸಿದವಳು. ಅಷ್ಟೂ ವರ್ಷ ಹಾಜರಿ ಕೂಗಿದಾಗ ಬಿಟ್ಟರೆ ತರಗತಿಯಲ್ಲಿ ಬಾಯಿ ತೆರೆದವಳಲ್ಲ.

ಇಳಕಲ್ಲಿನ ಹೊರಗೆ ಯಾಕೂಬಸಾಬರ ಚಾಕು ಕಾರ್ಖಾನೆ. ಅದರ ಅಂಗಳದ ಬೇವಿನ ನೆರಳಲ್ಲಿ ನಿಂತು ಆ ನಾಲ್ಕು ಮಾತನ್ನೇ ಗುಣುಗುತ್ತಿದ್ದಳು. ಅಷ್ಟರಲ್ಲಿ ಸಾಣೆ ಹಿಡಿಯುವ ಅಹ್ಮದಸಾಬ ಆಫೀಸು ಕೋಣೆಯಿಂದ ಹೊರಗೋಡಿ ಬಂದ.

"ಸಾಹುಕಾರ್ರ, ಪೆಟ್ಟಿಗ್ಯಾಗ ಬಾಕು ಇಲ್ರಿ. ಬರೇ ಒರಿ ಐತ್ರಿ."

ಸೀರೆ ವ್ಯಾಪಾರಿ ರಾಚಯ್ಯನವರು ಧೋತರ ಎತ್ತಿಕೊಂಡು ಓಡಿದರು. ಬಾಕು ಅವರ ಮನೆತನದ್ದು. ಪೆಟ್ಟಿಗೆ ತೆರೆದಿತ್ತು. ಬೆಳ್ಳಿ ಕಟ್ಟಿನ ತೊಗಲಿನ ಒರೆ ಮಾತ್ರ ಒಳಗೆ ಮಲಗಿತ್ತು.

ಯಾಕೂಬಸಾಬರು ಗೇಟು ಹಾಕಿಸಿದರು. ಪೊಲೀಸ್ ಠಾಣೆಗೆ ಆಳು ಹೋಯಿತು.

ಗದ್ದಲದ ನಡುವೆ ಪಂಢರೀನಾಥ ಕಾಕಾ ಕುಮುದಿನಿಯ ಹತ್ತಿರ ಬಂದರು. ಬೆಳಿಗ್ಗೆ ರಾಚಯ್ಯನವರ ಅಂಗಡಿಯಲ್ಲಿ ಅವಳಿಗೆಂದು ಕೊಂಡ ಸೀರೆಯ ಗಂಟು ಅವರ ಬಳಿ ಇತ್ತು. ಅಂಗಳಕ್ಕೆ ಬರುವಾಗ ಅವಳೇ ಅದನ್ನು ಹಿಡಿಯಲು ಕೊಟ್ಟಿದ್ದಳು. ಕಾಕಾ ಗಂಟನ್ನು ಕಲ್ಲುಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದರು.

"ತಗೋ. ನಿನ್ನ ಹತ್ರಾನ ಇರಲಿ."

* * *

ಬಾಗಲಕೋಟೆಯ ಖಡ್ಗ-ಚೂರಿ ಸಂಗ್ರಾಹಕರ ಮಂಡಳಿ ಎಂದರೆ ದೊಡ್ಡ ಹೆಸರು, ಸಣ್ಣ ಗುಂಪು. ಹಳೆಯ ಬಾಕು, ಕಠಾರಿ ಕೂಡಿಸುವ ಹುಚ್ಚಿನವರು. ಅಧ್ಯಕ್ಷರು ವಕೀಲ ಪಂಢರೀನಾಥರು. ತಂದೆತಾಯಿ ಇಲ್ಲದ ಕುಮುದಿನಿಯನ್ನು ಸಾಕಿ ಓದಿಸಿದ ಕಾಕಾ. ಈ ಸಲದ ಕೂಟ ಇಳಕಲ್ಲಿನಲ್ಲಿ. ಮೊದಲು ರಾಚಯ್ಯನವರ ಬಾಕು ನೋಡುವುದು, ಆಮೇಲೆ ಕಾರ್ಖಾನೆ ನೋಡುವುದು, ಕೊನೆಗೆ ಕುಮುದಿನಿಯ ವಂದನಾರ್ಪಣೆ.

ಊಟಕ್ಕೆ ಮುಂಚೆ ಬಾಕುವನ್ನು ಎಲ್ಲರೂ ಬಾಗಿ ಬಾಗಿ ನೋಡಿದ್ದರು. ಉಕ್ಕಿನ ಮೈತುಂಬ ಗಾಳಿಗೆ ನಡುಗುವ ಕೆರೆನೀರಿನಂಥ ಗೆರೆಗಳು. ಊಟಕ್ಕೆ ಕೂತಾಗ ರಾಚಯ್ಯನವರು ಅಂದಿದ್ದರು:

"ವಿಜಾಪುರದ ಪ್ರದರ್ಶನಕ್ಕ ಕಳಸಾಂವ ಅದೇನಿ. ಭಾಳ ಮಬ್ಬ ಆಗೇತಿ. ಇವತ್ತ ಸಾಣಿ ಹಿಡಿಸಿ ಕನ್ನಡಿ ಮಾಡಸ್ತೇನಿ ನೋಡ್ರಿ."

"ಅದರ ಬದ್ಲಿ ನನಗ ಕೊಟ್ಟುಬಿಡ್ರಿ," ಎಂದಿದ್ದರು ಬಾದಾಮಿಯ ಡಾಕ್ಟರ್ ಶ್ರೀನಿವಾಸರಾಯರು. "ನಮ್ಮ ದವಾಖಾನಿನ ಬರ್ಕೊಡ್ತೀನಿ."

"ದವಾಖಾನಿ ತಗೊಂಡು ನಾ ಏನ್ ಮಾಡ್ಲಿ, ಜ್ವರಾ ಮಾರ್ಲ್ಯಾ?"

ಎಲ್ಲರೂ ನಕ್ಕಿದ್ದರು. ಕಾಕಾ ನಕ್ಕಿರಲಿಲ್ಲ. ಅವರ ಎಲೆಯಲ್ಲಿ ಹೋಳಿಗೆ ಹಾಗೇ ಉಳಿದಿತ್ತು.

ಕಾರ್ಖಾನೆಗೆ ಬಂದ ಮೇಲೆ ಪೆಟ್ಟಿಗೆ ಆಫೀಸಿನ ಮೇಜಿನ ಮೇಲಿತ್ತು. ಕುಲುಮೆಯ ಹೊಗೆಗೆ ಕೆಮ್ಮುತ್ತ ಒಬ್ಬೊಬ್ಬರೂ ಒಳಗೆ ಹೊರಗೆ ಓಡಾಡಿದ್ದರು. ಯಾರು ಯಾವಾಗ ಎಲ್ಲಿದ್ದರೆಂದು ಯಾರಿಗೂ ನೆನಪಿಲ್ಲ. ಬಾಕು ಸಾಣೆಗೆ ಒಯ್ಯಲು ಬಂದ ಅಹ್ಮದಸಾಬನೇ ಅದು ಇಲ್ಲದ್ದನ್ನು ಮೊದಲು ಕಂಡದ್ದು.

* * *

ಫೌಜದಾರ ತಿಮ್ಮಣ್ಣನವರು ಸೈಕಲ್ ಇಳಿದು, ಒರೆಯನ್ನು ಕೈಯಲ್ಲಿ ತೂಗಿ ನೋಡಿದರು.

"ಬೆಳ್ಳಿ ಬಿಟ್ಟು ಕಬ್ಬಿಣ ಒಯ್ದಾನಲ್ರಿ. ಹುಚ್ಚ ಇರಬೇಕು, ಇಲ್ಲಾ ಭಾಳ ಶಾಣ್ಯಾ ಇರಬೇಕು."

ಒಬ್ಬೊಬ್ಬರ ಮೈ, ಚೀಲ ಹುಡುಕುವ ಝಡತಿ ಶುರುವಾಯಿತು. ಮೊದಲಿಗೆ ಡಾಕ್ಟರ ಚೀಲ. ಅದರಲ್ಲಿ ಎದೆ ನೋಡುವ ನಳಿಗೆ, ಎಲೆ ಅಡಿಕೆ, ಒಂದು ಟವೆಲು.

"ಇದರಾಗ ಚೂರಿ ಇಟ್ಕೋಳೂದಿಲ್ರಿ," ಡಾಕ್ಟರು ಮುಖ ಊದಿಸಿಕೊಂಡರು. "ರೋಗಿ ಓಡಿಹೋಗ್ತಾರ."

ಉಳಿದವರ ಕೋಟು, ಟೊಪ್ಪಿಗೆ, ಕೊಡೆ ಎಲ್ಲ ನೋಡಿದ್ದಾಯಿತು. ಏನೂ ಸಿಗಲಿಲ್ಲ. ಕುಮುದಿನಿ ಎದ್ದು ನಿಂತಳು.

"ಹೆಣ್ಮಕ್ಕಳ ಝಡತಿ ನಾವು ಮಾಡಾಂಗಿಲ್ಲ ತಂಗಿ. ನೀ ಕುಂದ್ರು."

ಅವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಕೊನೆಗೆ ಅಹ್ಮದಸಾಬ. ಸಾಣೆಕಲ್ಲಿನ ಕರಿ ರಾಡಿ ಮೊಳಕೈತನಕ ಮೆತ್ತಿಕೊಂಡಿತ್ತು.

"ನಾ ಕದ್ದಿದ್ರ ನಾನ ಯಾಕ ಒದರ್ತಿದ್ನಿರಿ?"

"ಅದಕ್ಕ ಶಾಣ್ಯಾ ಅಂದೆ," ಎಂದರು ಫೌಜದಾರರು.

"ಇಂಥಾ ಉಕ್ಕು ಈಗ ಹುಟ್ಟಾಂಗಿಲ್ಲ ಅಂತ ಇಲ್ಲಿ ತಂದು ತೋರಿಸಿದಾಗ ಅಂವನ ಅಂದಿದ್ದ," ರಾಚಯ್ಯನವರು ಎತ್ತಿ ಕೊಟ್ಟರು. "ಬೆಲಿ ಗೊತ್ತಿದ್ದಾಂವ."

ಗೇಟಿನ ಸರಳು ಹಿಡಿದು ಅಹ್ಮದಸಾಬನ ಹೆಂಡತಿ ದಸ್ತಗೀರಬಿ ನಿಂತಿದ್ದಳು. ಬುತ್ತಿ ತಂದವಳು.

"ಆ ಕೈ ನೋಡ್ರೆಪಾ. ಮನಿಗೆ ಬಂದ್ರ ಕೈ ತೊಳಿಯೂತನಕ ತಂಬಿಗಿ ಮುಟ್ಟಗೊಡಾಂಗಿಲ್ಲ ನಾ. ಮುಟ್ಟಿದ್ದೆಲ್ಲಾ ರಾಡಿ. ಅಂಥಾ ಕೈಲೆ ಯಾರರ ಕಳವು ಮಾಡ್ತಾರೇನ್ರಿ?"

ಫೌಜದಾರರು ಮೇಜಿನ ಮೇಲಿದ್ದ ಹೊಸ ಚಾಕು ತೆಗೆದು ಕಾಕಾರತ್ತ ಚಾಚಿದರು.

"ವಕೀಲ್ರ, ಕಳವಾಗಿದ್ದು ಇಷ್ಟುದ್ದ ಇತ್ತೇನು?"

ಕಾಕಾ ಕೈ ಹಿಂದೆ ಕಟ್ಟಿಕೊಂಡರು. "ಕೆಳಗ ಇಡ್ರಿ. ತಗೊಂಡು ಹೇಳ್ತೀನಿ."

"ವಕೀಲರ ಕೈಗೆ ಚೂರಿ ಕೊಡಬಾರದು ಫೌಜದಾರ್ರ," ಡಾಕ್ಟರು ನಕ್ಕರು. "ಕೊಟ್ಟವರಿಗೂ ತಗೊಂಡವರಿಗೂ ಜಗಳ ಹತ್ತತದಂತ. ಮನ್ಯಾಗ ಈಳಿಗಿಗೂ ಅದೇ ಪದ್ಧತಿ. ಕೆಳಗ ಇಡಬೇಕು, ಅವರು ತಗೋಬೇಕು."

ಕುಮುದಿನಿ ತೊಡೆಯ ಮೇಲಿನ ಗಂಟನ್ನು ನೋಡಿದಳು.

ಬೆಳಿಗ್ಗೆ ಅಂಗಡಿಯಲ್ಲಿ ಕಾಕಾ ಈ ಗಂಟನ್ನು ಅವಳ ಕೈಯಲ್ಲೇ ಇಟ್ಟಿದ್ದರು. ಮಧ್ಯಾಹ್ನ ಕಟ್ಟೆಯ ಮೇಲಿಟ್ಟು ಕೈ ತೆಗೆದರು. ಸೀರೆಗೆ ಯಾರಾದರೂ ಹಾಗೆ ಮಾಡುತ್ತಾರೆಯೇ? ಅವಳು ಮೆಲ್ಲಗೆ ಗಂಟನ್ನು ಒತ್ತಿದಳು. ಮಡಿಕೆಗಳ ಆಳದಲ್ಲಿ ಏನೋ ಗಟ್ಟಿಯಾದದ್ದು ಬೆರಳಿಗೆ ಎದುರಾಯಿತು. ಕೂತಲ್ಲಿ ಕೂಡಲಾಗಲಿಲ್ಲ.

* * *

ಕಲ್ಲಿದ್ದಲಿನ ಗುಡ್ಡೆಯ ಹಿಂದೆ ಕಾಕಾ ಒಬ್ಬರೇ ಸಿಕ್ಕರು.

"ಕಾಕಾ, ಗಂಟು ಕೈಯಾಗ ಯಾಕ ಕೊಡಲಿಲ್ಲ?"

ಅವರು ಅವಳ ಮುಖ ನೋಡಿದರು. ಸುಳ್ಳು ಹೇಳಲಿಲ್ಲ.

"ಒಮ್ಮೆ ಸಾಣಿ ಮುಟ್ಟಿತಂದ್ರ ಆ ಗೆರಿ ಹೋಗ್ತಾವ, ಕುಮುದಾ. ಮತ್ತ ಬರೂದಿಲ್ಲ. ಊಟ ಆದಮ್ಯಾಲೆ ಆ ಮನಷ್ಯಾಗ ಎಷ್ಟು ಬೇಡ್ಕೊಂಡೆ. ಕನ್ನಡಿ ಬೇಕಂತ ಅಂವಗ, ಕನ್ನಡಿ."

"ಅಹ್ಮದಸಾಬರನ್ನ ಒಯ್ಲಿಕತ್ತಾರ."

"ನಾಳೆ ನಾನ ಜಾಮೀನು ಕೊಡಸ್ತೀನಿ. ಪುರಾವೆ ಇಲ್ಲದ ಖಟ್ಲೆ ನಿಲ್ಲೂದಿಲ್ಲ."

"ಆಮ್ಯಾಲೆ ಅವರನ್ನ ಯಾರು ಕೆಲಸಕ್ಕ ಇಟ್ಕೋತಾರ?"

ಕಾಕಾ ತೋಳಿಗೆ ಹತ್ತಿದ ಕಲ್ಲಿದ್ದಲಿನ ಪುಡಿ ಕೊಡವಿಕೊಂಡರು.

"ನನ್ನ ಗಂಟಿನಾಗ ಯಾಕ ಇಟ್ರಿ?"

"ನಿನ್ನ ಝಡತಿ ಯಾರು ಮಾಡ್ತಾರ?" ಅವರು ಅವಳ ತಲೆ ಸವರಿದರು. "ಮತ್ತ ನಿನಗ ಗೊತ್ತಾದ್ರೂ ನೀ ಯಾರ ಮುಂದ ಹೇಳಾಕಿ? ಭಾಳಾದ್ರ ಡೈರಿ ಮುಂದ."

ಪ್ರೀತಿಯಿಂದಲೇ ಅಂದರು. ಅದಕ್ಕೇ ಅದು ಆಳಕ್ಕೆ ಇಳಿಯಿತು. ಉಂಡ ಅನ್ನ, ಓದಿದ ಓದು, ಮಲಗುವ ಕೋಣೆ ಎಲ್ಲ ಇವರದ್ದು. ಬಾಯಿ ತೆರೆದರೆ ಇವರ ವಕೀಲಿಕೆ ಹೋಗುತ್ತದೆ, ತನ್ನ ಮನೆ ಹೋಗುತ್ತದೆ. ತೆರೆಯದಿದ್ದರೆ ಅತ್ತ ಗೇಟಿನ ಬಳಿ ನಿಂತವಳ ಮನೆ ಹೋಗುತ್ತದೆ.

ಗೇಟು ಕಿರುಗುಟ್ಟಿತು. ಕಾನ್‌ಸ್ಟೇಬಲ್ ಅಹ್ಮದಸಾಬನ ರಟ್ಟೆ ಹಿಡಿದಿದ್ದ. ಕುಮುದಿನಿ ತಿರುಗಿ ನಡೆದಳು. ಹಿಂದಿನಿಂದ ಕಾಕಾ ಕರೆದರು. ನಿಲ್ಲಲಿಲ್ಲ.

* * *

ಅವಳು ಫೌಜದಾರರ ಮುಂದೆ ಗಂಟು ಇಟ್ಟು ಬಿಚ್ಚಿದಳು. ನಡುವಿನ ಮಡಿಕೆಯಲ್ಲಿ ಎಣ್ಣೆ ಬಟ್ಟೆ ಸುತ್ತಿದ ಬಾಕು.

ರಾಚಯ್ಯನವರು ಕಟ್ಟೆಯ ಮೇಲೆ ಕುಸಿದು ಕೂತರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಅಹ್ಮದ ಗಾಬರ್ಯಾಗಿ ನಮ್ಮ ಹುಡಿಗಿ ಗಂಟಿನಾಗ ತುರುಕಿರಬೇಕು," ಕಾಕಾ ದಾಪುಗಾಲು ಹಾಕಿ ಬಂದರು. "ಹೋಗ್ಲಿ, ಸಿಕ್ತಲ್ಲ."

"ಅವರಲ್ರಿ." ಕುಮುದಿನಿಯ ದನಿ ಒಡೆದಿತ್ತು, ಆದರೆ ಹೊರಬಿತ್ತು. "ಸೀರಿ ನೋಡ್ರಿ. ಅವರ ಕೈ ನೋಡ್ರಿ. ಒಂದು ಕಲಿ ಆದ್ರೂ ಅದನೇನು?"

ಫೌಜದಾರರು ಸೀರೆಯ ಮಡಿಕೆ ಒಂದೊಂದಾಗಿ ತಿರುವಿದರು. ಕಲೆ ಇರಲಿಲ್ಲ.

"ಬೆಳ್ಳಿ ಒರಿ ಬಿಟ್ಟದ್ದು ಹುಚ್ಚಿಗಲ್ರಿ. ತೊಗಲಿನ ಒರ್ಯಾಗ ಹಳೇ ಉಕ್ಕು ಜಂಗು ಹಿಡೀತದ. ಅದಕ್ಕ ಎಣ್ಣಿ ಬಟ್ಟಿ ಸುತ್ಯಾರ. ಕದ್ದವರಿಗೆ ಅದನ್ನ ಮಾರೂದಿರಲಿಲ್ಲ. ಉಳಿಸೂದಿತ್ತು. ಸಾಣಿಯಿಂದ."

"ಹಂಗಾರ ಮಂಡಳಿಯವ್ರ ಯಾರೋ." ಫೌಜದಾರರು ತಿರುಗಿದರು. "ಕೊಡ್ರಿ ಅಂತ ಬೆನ್ನ ಹತ್ತಿದ್ದು ಡಾಕ್ಟ್ರಲ್ಲೇನು?"

ಡಾಕ್ಟರ ಮುಖ ಬಿಳಿಚಿತು. ಕುಮುದಿನಿ ಇಲ್ಲಿಗೆ ನಿಲ್ಲಿಸಿದರೆ ಕಾಕಾ ಪಾರಾಗುತ್ತಿದ್ದರು. ಕಾಕಾ ಅವಳನ್ನೇ ನೋಡುತ್ತಿದ್ದರು.

"ಡಾಕ್ಟರಲ್ರಿ. ಈ ಗಂಟು ನನ್ನ ಹತ್ರ ಬಂದದ್ದು ಒಬ್ಬರಿಂದ. ಮುಂಜಾನೆ ಬರೇ ಸೀರಿ ಇತ್ತು, ಕೈಯಾಗ ಕೊಟ್ರು. ಬಾಕು ಹೋದಮ್ಯಾಲೆ ಕಟ್ಟಿ ಮ್ಯಾಲ ಇಟ್ಟು, ತಗೋ ಅಂದ್ರು. ಒಳಗ ಏನದ ಅಂತ ಅವರ ಕೈಗೆ ಗೊತ್ತಿತ್ತು."

ಡಾಕ್ಟರು ಮೆಲ್ಲಗೆ ಕಾಕಾರತ್ತ ತಿರುಗಿದರು. ಆಮೇಲೆ ರಾಚಯ್ಯನವರು. ಆಮೇಲೆ ಎಲ್ಲರೂ.

"ಬಿಸಿಲು ಬಡದದ ಅಕಿಗೆ," ಕಾಕಾ ಕೈ ಚಾಚಿದರು. "ಬಾ ಕುಮುದಾ, ಒಳಗ ಹೋಗೂಣು."

ಫೌಜದಾರರು ಅಡ್ಡ ನಿಂತರು. "ಹೆಸರು ನಿನ್ನ ಬಾಯಿಲೆ ಬರಬೇಕು ತಂಗಿ. ನಾ ಊಹಾ ಮಾಡಿ ಬರಕೊಳ್ಳಾಕ ಬರಾಂಗಿಲ್ಲ."

ಚಾಚಿದ ಕೈ ಹಾಗೇ ಇತ್ತು. ಕುಮುದಿನಿ ಅದನ್ನು ಹಿಡಿಯಲಿಲ್ಲ.

"ಕದ್ದವರು ನಮ್ಮ ಕಾಕಾರಿ," ಅಂದಳು. "ನಾ ಸುಮ್ಮನಿರ್ತೀನಿ ಅಂತ ನಂಬಿ ಕದ್ದಾರ."