ಹೆಬ್ಬೆರಳ ಗುಳಿ

"ಥೂ! ಇದೇನ್ರೀ ಇದು, ಇಷ್ಟು ದಪ್ಪ? ದೊಡ್ಡಡುಗೆಯ ಸೌಟಿನ ಹಾಗಿದೆ."

ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದ ಹೊಸ ಐರನ್‌ಗಳನ್ನು, ಕಬ್ಬಿಣದ ತಲೆಯ ಗಾಲ್ಫ್ ಕೋಲುಗಳನ್ನು, ಆಕೆ ಮುಟ್ಟಲೂ ಇಲ್ಲ. ಗಿರಾಕಿ ತಂದ ಬಟ್ಟೆಯ ಮೇಲಿನ ಕಲೆ ನೋಡುವ ಹಾಗೆ ಮೂಗನ್ನು ದೂರವಿಟ್ಟುಕೊಂಡು ನೋಡಿದಳು. ಲಾಂಡ್ರಿ ನಡೆಸಿ ಅರ್ಧ ಆಯುಸ್ಸು ಕಳೆದವಳು. ಬೇರೆಯವರ ಬೆವರು, ಎಣ್ಣೆ, ವಾಂತಿ ಎಲ್ಲವನ್ನೂ ಕೈಯಾರೆ ತೊಳೆದವಳು. ಅಂಥವಳಿಗೆ ಅಸಹ್ಯವೆಂಬುದೇ ಇರಬಾರದಿತ್ತು. ಆದರೆ ಗಂಡ ತೀರಿಕೊಂಡ ಮೇಲೆ ಊಟದ ವಾಸನೆ, ಜನರ ನಗು, ಹೊಸ ಬಟ್ಟೆಯ ಗರಿಮುರಿ, ಎಲ್ಲವೂ ಓಕರಿಕೆ ತರಿಸುತ್ತಿದ್ದವು. ದೇವರ ಮುಂದೆ ಕೂತಾಗಲೂ ಅದೊಂದನ್ನೇ ಬೇಡುತ್ತಿದ್ದಳು: ಈ ಹೇಸಿಗೆ ತೆಗೆದುಬಿಡಪ್ಪಾ. ವಾರಕ್ಕೊಮ್ಮೆ ಈ ಮೈದಾನಕ್ಕೆ ಬಂದು, ಗಂಡನ ಹಳೆಯ ಐರನ್‌ಗಳಿಂದ ಒಂದು ಬುಟ್ಟಿ ಚೆಂಡು ಹೊಡೆಯುವುದಷ್ಟೇ ಅವಳಿಗೆ ಹೇಸಿಗೆಯಾಗದ ಕೆಲಸ.

"ದಪ್ಪ ಇರೋದೇ ಒಳ್ಳೇದು," ಎಂದ ಅಂಗಡಿಯಾತ. ಮೈದಾನದ ಮೂಲೆಯಲ್ಲಿ ಗಾಲ್ಫ್ ಕೋಲುಗಳನ್ನು ಮಾರುವ, ರಿಪೇರಿ ಮಾಡುವ ಚಿಕ್ಕ ಅಂಗಡಿ ಆತನದು. ಆಳು ಗುಂಡಗಿದ್ದ, ಎಲ್ಲರ ಬಾಯಲ್ಲೂ ಗುಂಡಣ್ಣ. ಇವಳು ಮಾತ್ರ ಆ ಅಣ್ಣನನ್ನು ಬಿಟ್ಟು ಬರೀ "ರೀ" ಎನ್ನುತ್ತಿದ್ದಳು. ಅದು ಅವಳ ಗಮನಕ್ಕೆ ಬಂದಿರಲಿಲ್ಲ. ಆತನ ಗಮನಕ್ಕೆ ಚೆನ್ನಾಗಿಯೇ ಬಂದಿತ್ತು. "ಚೆಂಡು ನಡುವಿಗೆ ತಾಗದೆ ಆಚೀಚೆ ತಾಗಿದ್ರೂ ಹೆಚ್ಚುಕಡಿಮೆ ನೆಟ್ಟಗೇ ಹೋಗುತ್ತೆ. ಕೈ ಜುಂ ಅನ್ನಲ್ಲ."

"ಅಂದ್ರೆ ನನಗೆ ಹೊಡೆಯೋಕೆ ಬರಲ್ಲ ಅಂತ."

"ಅಯ್ಯೋ, ನಾನೆಲ್ಲಿ ಹಾಗಂದೆ?"

"ಮತ್ತಿನ್ನೇನು? ಅಷ್ಟು ಹೇಳೋಕೆ ಇಷ್ಟು ಸುತ್ತಿ ಬಳಸಬೇಕಿತ್ತಾ?"

ಆತ ನೆಲ ನೋಡುತ್ತ ಹೇಳಿದ: "ಪ್ರತಿ ಸಲ ಹೊಡೆದಾದ ಮೇಲೆ ಮೊಣಕೈ ಉಜ್ಜಿಕೊಳ್ತೀರಿ. ಯಾರೂ ನೋಡ್ತಿಲ್ಲ ಅಂದ್ಕೊಂಡು."

ಆಕೆಯ ಕಿವಿ ಬಿಸಿಯಾಯಿತು. ಅದನ್ನು ಸಿಟ್ಟೆಂದೇ ತಿಳಿದು ಕೈಗೆ ಸಿಕ್ಕ ಕೋಲನ್ನು ಎತ್ತಿಕೊಂಡಳು. ಹಿಡಿಯ ಹೊಸ ರಬ್ಬರು ಅಂಟಂಟಾಗಿತ್ತು.

"ಶೀ, ಈ ಗ್ರಿಪ್ಪು ಯಾರೋ ನೆಕ್ಕಿಟ್ಟ ಹಾಗಿದೆ."

"ನಾನಂತೂ ಅಲ್ಲ."

ನಗು ಬಾರದಂತೆ ತುಟಿ ಕಚ್ಚಿಕೊಂಡು ಮೈದಾನದ ಅಂಚಿಗೆ ನಡೆದು ಕೋಲು ಬೀಸಿದಳು. ಚೆಂಡು ಕೋಲಿನ ತಲೆಯ ನಡುವಿಗೆ ತಾಗದೆ ಅಂಚಿಗೆ ತಾಗಿತು. ಗಂಡನ ತೆಳು ಐರನ್ ಆಗಿದ್ದರೆ ಮೊಣಕೈಯಲ್ಲಿ ಮಿಂಚು ಹೊಡೆದು, ಚೆಂಡು ಬಲಗಡೆಯ ಬೇಲಿ ಸೇರಬೇಕು. ಇಲ್ಲಿ ತುಂಬಿದ ಡಬ್ಬಿ ಬಡಿದಂತೆ 'ಡಬ್' ಎಂದಿತು. ಚೆಂಡು ಏನೂ ಆಗಿಲ್ಲವೆಂಬಂತೆ ಮೇಲೆದ್ದು, ಎಳೆಬಿಸಿಲಿನಲ್ಲಿ ಒಂದು ಕ್ಷಣ ನಿಂತು, ನೆಟ್ಟಗೆ ಬಾವುಟದ ಬುಡಕ್ಕೆ ಇಳಿಯಿತು.

ಅವಳು ನಕ್ಕುಬಿಟ್ಟಳು, ಹಲ್ಲು ಕಾಣುವ ಹಾಗೆ. ತಿರುಗಿದರೆ, ಆತ ಚೆಂಡನ್ನು ನೋಡಿಯೇ ಇರಲಿಲ್ಲ. ಒರೆಸುವ ಬಟ್ಟೆಯನ್ನು ಕೈಯಲ್ಲೇ ಮರೆತು ಅವಳನ್ನು ನೋಡುತ್ತಿದ್ದ.

ಕೂಡಲೇ ಮುಖ ಕಿವುಚಿದಳು. ಗಂಡನಿಲ್ಲದ ಲೋಕದಲ್ಲಿ, ಇನ್ನೊಬ್ಬನ ಎದುರು ಹೀಗೆ ನಕ್ಕ ಬಾಯಿಯನ್ನು ಸೋಪು ಹಾಕಿ ತಿಕ್ಕಬೇಕೆನಿಸಿತು.

"ಚೆನ್ನಾಗಿ ಹೋಯ್ತಲ್ಲ, ಮುಖ ಯಾಕೆ ಹಾಗೆ?"

"ನಾನು ಹೊಡೆದದ್ದು ಕೆಟ್ಟದಾಗಿ. ಅದು ಚೆನ್ನಾಗಿ ಹೋದ್ರೆ ನನಗ್ಯಾಕೆ ಸಂತೋಷ?"

"ಸಂತೋಷ ಆಯ್ತು. ನಾನು ನೋಡಿದೆ." ಆಮೇಲೆ ಮೆತ್ತಗೆ, "ಎರಡು ದಿನ ಒಯ್ದು ಆಡಿ ನೋಡಿ. ಹಳೇದು ಇಲ್ಲೇ ಇರಲಿ, ಚೆನ್ನಾಗಿ ಮಾಡಿಡ್ತೀನಿ."

ಅಲ್ಲಿಂದ ಹೊರಟರೆ ಸಾಕಾಗಿತ್ತು. ಏನು ಕೇಳಿದನೆಂದು ಯೋಚಿಸದೆಯೇ "ಹೂಂ" ಎಂದು ಹೊಸ ಕೋಲುಗಳ ಚೀಲ ಹೊತ್ತು ಹೊರಟುಬಿಟ್ಟಳು.

ಲಾಂಡ್ರಿಯಲ್ಲಿ ನಾದಿನಿ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು.

"ಅತ್ತಿಗೆ, ಮುಖ ಯಾಕೆ ಹಿಂಡಿದ ಬಟ್ಟೆ ಹಾಗಿದೆ? ಕೋಲು ಕಚ್ಚಿತಾ, ಗುಂಡಣ್ಣ ಕಚ್ಚಿದ್ನಾ?"

"ಬಾಯಿ ಮುಚ್ಚೇ. ಅಸಹ್ಯ."

"ಟೀ ಕುಡಿಯೋಣ ಅಂತ ವಾರ ವಾರ ಕರೀತಾನೆ. ನೀವು ಹೊಟ್ಟೆ ಸರಿಯಿಲ್ಲ ಅಂತೀರಿ. ಹೊಟ್ಟೆಗೇನಾಗಿದೆ?" ನಾದಿನಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. "ನಮ್ಮಣ್ಣ ಹೋದ ಮೇಲೆ ನಾನೂ ಅಳ್ತೀನಿ ಅತ್ತಿಗೆ. ಆದ್ರೆ ಊಟ ಮಾಡ್ತೀನಿ."

ಆಕೆ ಮಡಚಿಟ್ಟ ಬಟ್ಟೆಗಳನ್ನು ಮತ್ತೆ ಎಣಿಸತೊಡಗಿದಳು. ಆದರೆ ಮರುದಿನ ಹೊಸ ಐರನ್‌ಗಳಿಂದ ಇಡೀ ಬುಟ್ಟಿ ಹೊಡೆದು ಬಂದಳು, ಆತನಿಲ್ಲದ ವೇಳೆ ನೋಡಿಕೊಂಡು. ಮೊಣಕೈ ನೋಯಲಿಲ್ಲ. ಅಂದು ತಟ್ಟೆಯಲ್ಲಿ ಬಡಿಸಿದ್ದನ್ನೆಲ್ಲ ಉಂಡಳು. ಒಂದು ಟೀ ಕುಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಾಳೆ ಕರೆದರೆ ಹೂಂ ಎನ್ನಬೇಕು.

ಮರುದಿನ ಮಧ್ಯಾಹ್ನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಆತ ಹಳೆಯ ಚೀಲವನ್ನು ಎತ್ತಿ ತಂದ. ಮುಖವೆಲ್ಲ ಬೆಳಕು.

"ಕಣ್ಣು ಮುಚ್ಚಿ ಅಂತಿದ್ದೆ, ಮುಚ್ಚಲ್ಲ ನೀವು. ನೋಡಿ!"

ಗಂಡನ ಐರನ್‌ಗಳು. ಪ್ರತಿಯೊಂದಕ್ಕೂ ಕೆಂಪನೆಯ ಹೊಸ ಗ್ರಿಪ್.

"ಹಳೇದೆಲ್ಲಿ?" ಅವಳು ಒಂದೊಂದೇ ಕೋಲಿನ ಹಿಡಿ ತಡವಿದಳು.

"ಸೀಳಿ ಕಿತ್ತು ಎಸೆದೆ. ಎಷ್ಟು ಗಲೀಜಾಗಿತ್ತು ಅಂದ್ರೆ, ಜಿಡ್ಡು ಹಿಡಿದು, ಕಪ್ಪಿಟ್ಟು... ಅಷ್ಟು ಶುಚಿ ನೋಡೋ ನೀವು ಅದನ್ನ ಹೇಗೆ ಹಿಡೀತಿದ್ರೋ. ನನಗೇ ಅಸಹ್ಯ ಆಯ್ತು."

"ಅದು ನಮ್ಮನೆಯವರ ಕೈ."

ಆತನಿಗೆ ಅರ್ಥವಾಗಲಿಲ್ಲ.

"ಹೆಬ್ಬೆರಳು ಇಡೋ ಜಾಗದಲ್ಲಿ ಗುಳಿ ಬಿದ್ದಿತ್ತು. ಅವರು ಹಿಡಿದು ಹಿಡಿದು ಆದದ್ದು. ಊರವರ ಕೊಳೆಯೆಲ್ಲ ತೊಳೀತೀನಿ ನಾನು, ಅದೊಂದನ್ನ ತೊಳೆದಿರಲಿಲ್ಲ. ವಾರಕ್ಕೊಂದು ಸಲ ನನ್ನ ಬೆರಳು ಅಲ್ಲಿಡ್ತಿದ್ದೆ. ಅಷ್ಟೇ ಉಳಿದಿದ್ದದ್ದು. ಅದಕ್ಕೆ ಅಸಹ್ಯ ಅಂದ್ರಿ."

ಹೊಸ ಕೋಲುಗಳ ಚೀಲವನ್ನು ಅಲ್ಲೇ ಇಳಿಸಿ ಹೊರಗೆ ನಡೆದಳು. ಕಾರಿನಲ್ಲಿ ಕೂತು ಕೀಲಿ ಹಾಕಿದಳು, ತಿರುಗಿಸಲಿಲ್ಲ. ಆತನ ಮೇಲೆ ಹೇಸಿಗೆ. ಟೀ ಕುಡಿಯಲು ತಲೆ ಬಾಚಿಕೊಂಡು ಬಂದ ತನ್ನ ಮೇಲೆ ಅದರ ಎರಡರಷ್ಟು.

ಏನೋ ಉರುಳಿದ ಸದ್ದಾಯಿತು. ಮೈದಾನದ ಕ್ಯಾಂಟೀನಿನ ಹಿಂಬದಿಯಲ್ಲಿ ಕಸದ ದೊಡ್ಡ ಡ್ರಮ್ಮು ಅಡ್ಡ ಬಿದ್ದಿತ್ತು. ಆತ ಮೊಣಕಾಲೂರಿ ಭುಜದವರೆಗೂ ಅದರೊಳಗೆ ಹೊಕ್ಕಿದ್ದ. ಟೀ ಚರಟ, ಮೊಟ್ಟೆ ಸಿಪ್ಪೆ, ಒಡೆದ ಹಾಲಿನ ಗಡ್ಡೆಗಳನ್ನು ಬಾಚಿ ಬಾಚಿ ಈಚೆಗೆಳೆಯುತ್ತಿದ್ದ. ನೊಣಗಳು ಮುಖಕ್ಕೆ ಮುತ್ತಿದ್ದವು. ಒಮ್ಮೆ ಪಕ್ಕಕ್ಕೆ ತಿರುಗಿ ವಾಕರಿಸಿದ, ಮತ್ತೆ ಒಳಗೆ ಕೈ ಹಾಕಿದ.

ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹತ್ತಿರ ಹೋಗುವ ಹೊತ್ತಿಗೆ ಒಂದು ರಬ್ಬರ್ ತುಂಡು ಸಿಕ್ಕಿತ್ತು. ಅದನ್ನು ಅಂಗಿಗೆ ಒರೆಸಿ ಎರಡೂ ಕೈಯಲ್ಲಿ ಚಾಚಿದ.

"ಹಿಂದುಗಡೆ ಸೀಳಿದೀನಿ. ಗುಳಿ ಹಾಗೇ ಇದೆ. ಬೇರೆದೂ ಹುಡುಕ್ತೀನಿ. ಹೊಲಿಯೋಕಾಗುತ್ತೋ, ಅಂಟಿಸೋಕಾಗುತ್ತೋ, ನೋಡ್ತೀನಿ."

ಮೊಟ್ಟೆಯ ಹಳದಿ ಮೆತ್ತಿಕೊಂಡ ಆ ತುಂಡನ್ನು ಅವಳು ತೆಗೆದುಕೊಂಡು ಗುಳಿಯ ಮೇಲೆ ಹೆಬ್ಬೆರಳನ್ನಿಟ್ಟಳು. ಎಂದಿನಂತೆ ಕೂತಿತು. ಸುತ್ತ ಎಲ್ಲೂ ಜಾಗವಿಲ್ಲದಂತೆ, ಅಚ್ಚೊತ್ತಿದ ಹಾಗೆ ಕೂತಿತು.

ಅವರ ಹೆಬ್ಬೆರಳು ಅಗಲ. ಅವಳಿಗೆ ಸಿಟ್ಟು ಬಂದಾಗ ಆ ಬೆರಳೊಂದರಿಂದಲೇ ಅವಳ ಹಣೆಯ ಗಂಟನ್ನೆಲ್ಲ ಒತ್ತಿ ಬಿಡಿಸುತ್ತಿದ್ದರು. ಈ ಗುಳಿಯಲ್ಲಿ ಅದರ ಅರ್ಧವೂ ಹಿಡಿಸುತ್ತಿರಲಿಲ್ಲ.

"ಇದು ನಂದೇ," ಎಂದಳು, ತನಗೇ ಎಂಬಂತೆ.

ಅವರ ಗುರುತು ಅವಳ ಬೆರಳಡಿಯಲ್ಲೇ, ವಾರ ವಾರಕ್ಕೆ ಒಂದಿಷ್ಟು, ಸವೆದು ಹೋಗಿತ್ತು. ಯಾರೂ ಎಸೆದಿರಲಿಲ್ಲ. ಆಕೆ ಅಲ್ಲೇ, ಆ ಕಸದ ನಡುವೆ ಕೂತು ಅತ್ತಳು. ಇಷ್ಟು ದಿನ ಓಕರಿಕೆಯಾಗಿ ನಿಂತಿದ್ದು ಕಣ್ಣೀರಾಗಿ ಹೋಯಿತು. ಆತ ನೊಣ ಓಡಿಸುತ್ತ ಕೂತಿದ್ದ. ಅವಳ ಅಳು ಇಳಿದ ಮೇಲೆ, "ಬೈದುಬಿಡಿ," ಎಂದ. "ಕೇಳದೇ ಕಿತ್ತೆ. ಗುಳಿ ಯಾರದ್ದಾದ್ರೂ ತಪ್ಪು ನಂದೇ."

"ಹೌದು, ನಿಮ್ಮದೇ. ಇನ್ನು ಮೇಲೆ ಕೇಳದೆ ನಂದೇನೂ ಮುಟ್ಟಬಾರದು."

"ಇಲ್ಲ. ಮುಟ್ಟಲ್ಲ."

ಆಕೆ ಮೂಗು ಒರೆಸಿಕೊಂಡಳು. ಎತ್ತಲೋ ನೋಡುತ್ತ ಹೇಳಿದಳು: "ಕೇಳಿ ಮುಟ್ಟಬಹುದು."

ಆತ ಕೈಯನ್ನು ಅಂಗಿಗೆ ಒರೆಸಿಕೊಂಡ. "ಈಗಲೇ ಕೇಳ್ಲಾ?" ಎಂದ.

"ಈ ಕೈಯಲ್ಲಾ? ಥೂ!"

ಗೋಡೆಯ ಪಕ್ಕದ ನಲ್ಲಿಗೆ ಅವಳೇ ಆತನನ್ನು ಮಣಿಕಟ್ಟು ಹಿಡಿದು ಎಳೆದುಕೊಂಡು ಹೋದಳು. ಸೋಪು ಹಾಕಿ ಬೆರಳ ಸಂದು ಸಂದು ತಿಕ್ಕಿದಳು. ಒಡೆದ ಹಾಲಿನ ನಾತಕ್ಕೆ ಕಣ್ಣಲ್ಲಿ ಮತ್ತೆ ನೀರು ಬಂತು.

"ಅಸಹ್ಯ, ಅಸಹ್ಯ," ಎನ್ನುತ್ತಲೇ ಇದ್ದಳು. ನೊರೆಯೆಲ್ಲ ಹರಿದುಹೋಗಿ, ಕೈ ಶುಭ್ರವಾಗಿ, ನಲ್ಲಿ ನಿಲ್ಲಿಸಿದ ಮೇಲೂ ಆ ಕೈಯನ್ನು ಬಿಡಲಿಲ್ಲ.