ಮುದಿಬಳ್ಳಿಯ ಕೆಂಪು ರಸ

ಕೆಂಪು ದ್ರಾಕ್ಷಾರಸವನ್ನು ಲೋಕದಲ್ಲಿ ಮೊಟ್ಟಮೊದಲು ಕುಡಿದವನು ನಾನೇ. ಇಲ್ಲ, ಸುಳ್ಳು, ಆಗ ನಮ್ಮಜ್ಜನ ಅಜ್ಜನೂ ಹುಟ್ಟಿರಲಿಲ್ಲ. ಇನ್ನು ಮುಂದಿನದನ್ನು ನಂಬಬಹುದು.

ಬಹಳ ಹಿಂದೆ ಚೆಂಬಳ್ಳಿ ಅಂತೊಂದು ರಾಜ್ಯ. ಅಲ್ಲಿ ಬೊಮ್ಮಣ್ಣನೆಂಬ ದ್ರಾಕ್ಷಿ ತೋಟದವನು, ಅವನಿಗೊಬ್ಬಳೇ ತಂಗಿ ಹೊನ್ನಿ. ತೋಟ ಬಿಟ್ಟುಕೊಡಿ ಎಂದು ಬಂದ ಧೂಮಾಂಗನೆಂಬ ಮಾಂತ್ರಿಕನಿಗೆ ಹೊನ್ನಿ, "ನಡಿಯೋ ಹೊಗೆಮೂತಿ!" ಅಂದಳು. ಅವನು ಮಂತ್ರ ಊದಿದ. ಹೊನ್ನಿ ನಿಂತಲ್ಲೇ ಕಲ್ಲಾದಳು.

"ನನ್ನ ನಾಲಿಗೆ ತೊದಲುವಂಥ ರಸ ತಾ. ತಂದರೆ ಇವಳು ಮತ್ತೆ ಹೆಣ್ಣು, ಇಲ್ಲದಿದ್ದರೆ ಕಲ್ಲು," ಅಂದ ಮಾಂತ್ರಿಕ.

ಬೊಮ್ಮಣ್ಣ ಎಳೆಬಳ್ಳಿಗೆ ಕೆರೆಯನ್ನೇ ತಿರುಗಿಸಿದ. ನಿಂಬೆಯಷ್ಟು ದಪ್ಪ ದ್ರಾಕ್ಷಿ ಬಿಟ್ಟಿತು. ಅದರ ರಸ ಕುಡಿದು ಧೂಮಾಂಗ, "ಮುಖ ತೊಳೆಯೋಕೆ ತಂದೆಯಾ?" ಅಂದ.

ಬೊಮ್ಮಣ್ಣ ಇನ್ನೊಂದು ಬಳ್ಳಿಗೆ ಹಾಲುಬೆಲ್ಲ ಉಣಿಸಿದ. "ಪಾನಕ!" ಅಂದ ಧೂಮಾಂಗ. "ಇನ್ನೊಮ್ಮೆ ಸೋತರೆ ನೀನೂ ಕಲ್ಲು."

ಉಳಿದದ್ದು ಆನೆಕಾಲಿನಂಥ ಮುದಿಬಳ್ಳಿ. ಅದು ಎಂದೂ ಹಣ್ಣು ಬಿಟ್ಟದ್ದಿಲ್ಲ. ಬೊಮ್ಮಣ್ಣ ಅದರ ಬುಡದಲ್ಲಿ ಕೂತ. "ಅಜ್ಜೀ, ಯಾಕೆ ಈ ಮುನಿಸು?"

"ಅಜ್ಜಿ ಅನ್ನಬೇಡ, ನಾನಿನ್ನೂ ಕೂಸು," ಅಂದಿತು ಬಳ್ಳಿ. "ನಿಮ್ಮ ಮುತ್ತಜ್ಜಿ ಕಾಡಿನ ಒಗರುಬಳ್ಳಿಗೂ ಅರಮನೆಯ ಸಿಹಿಬಳ್ಳಿಗೂ ಅರಿಸಿನದ ದಾರ ಕಟ್ಟಿ ಮದುವೆ ಮಾಡಿದಳು. ನಾನು ಹುಟ್ಟಿದೆ. ನನಗೆ ಹೆಸರಿಡೋದನ್ನೇ ಮರೆತಳು! ಹೆಸರಿಲ್ಲದವಳು ಹೇಗೆ ಹಡೆಯಲಿ? ಈಗ ಸಾಕುವ ಅಪ್ಪ ನೀನು. ನಿನ್ನ ತಂಗಿಯನ್ನು ಕರಿ, ಸೋದರತ್ತೆ ತಾನೇ ಹೆಸರು ಹೇಳಬೇಕು?"

"ಅವಳು ಕಲ್ಲಾಗಿದ್ದಾಳಲ್ಲವ್ವ!"

"ಕಲ್ಲಾದರೆ ಸೋದರತ್ತೆ ಅಲ್ಲವೇನು?"

ಬೊಮ್ಮಣ್ಣ ತೊಟ್ಟಿಲು ಕಟ್ಟಿದ. ಬಳ್ಳಿಯ ಎಳೆಕುಡಿಯನ್ನು ಅದರಲ್ಲಿ ಮಲಗಿಸಿ, ಎಲೆಯೊಂದನ್ನು ಕೂಸಿನ ಕಿವಿಯೆಂದು ಕಲ್ಲಿನ ತುಟಿಗೆ ಹಿಡಿದ. ತುಟಿ ಅಲುಗಿತು: "ಕುರ್ರ್... ಕೆಂಚವ್ವ!" ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಗುದ್ದದೆ ಬಿಡುವುದುಂಟೇ? ನೆರೆಯ ಹೆಂಗಸರು ಗುದ್ದಿದರು. ಗುದ್ದಿದವರೇ "ಅಯ್ಯವ್ವಾ" ಎಂದು ಕೈ ಉಜ್ಜಿಕೊಂಡರು.

ಕೆಂಚವ್ವ ಹಡೆದಳು. ಬೆರಳೆಣಿಕೆಯ ಗೊಂಚಲು, ಪುಟ್ಟ ಹಣ್ಣು, ದಪ್ಪ ಸಿಪ್ಪೆ, ಕಡುಗೆಂಪು. ರಸ ಗಡಿಗೆಯಲ್ಲಿ ಹುದುಗಿ, ಮೆಲ್ಲಗೆ ಪಕ್ವವಾಯಿತು. ಧೂಮಾಂಗ ಒಂದು ಬಟ್ಟಲು ಕುಡಿದ. ಕಾಡಿನ ಒಗರು ನಾಲಿಗೆಯನ್ನು ಹಿಡಿಯಿತು, ಅರಮನೆಯ ಸಿಹಿ ಬಿಡಿಸಿತು, ಒಗರು ಮತ್ತೆ ಹಿಡಿಯಿತು.

"ಇ... ಇನ್ನೊಂದು ಬ... ಬಟ್ಟಲು," ಅಂದ ಮಾಂತ್ರಿಕ.

ಅಷ್ಟೇ ಸಾಕಾಯಿತು. ಕಲ್ಲು ಕರಗಿತು. ಹೊನ್ನಿ ಬೆನ್ನು ಸವರಿಕೊಂಡು ತಿರುಗಿದಳು: "ಗುದ್ದಿದವರು ಯಾರೇ?"

ಧೂಮಾಂಗನಿಗೆ ಮಂತ್ರಗಳೆಲ್ಲ ಮರೆತುಹೋದವು. ಅದೇ ತೋಟದಲ್ಲಿ ದ್ರಾಕ್ಷಿ ತುಳಿಯುತ್ತ ಉಳಿದ. ಹೊನ್ನಿ ಬೈದಾಗಲೆಲ್ಲ ನಗುತ್ತಿದ್ದ. ಎಲ್ಲರೂ ಸುಖವಾಗಿದ್ದರು.

ಆ ರಸ ಈ ಹೋಟೆಲಿನಲ್ಲಿ ಸಿಗುವುದಿಲ್ಲ ಸ್ವಾಮಿ. ನನ್ನ ಚಹಾದ ದುಡ್ಡು ಮಾತ್ರ ನೀವೇ ಕೊಟ್ಟುಬಿಡಿ.