ಸೊನ್ನೆಗೆ ತಿರುಗಿಸಿದ ಆಕಾಶ

"ಚೆನ್ನಾಗಿದ್ದೀರಾ ಟೀಚರ್?"

ಆ ದನಿ! ಆಕಾಶಗೋಳದ ಧೂಳು ಒರೆಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ತಿರುಗಿ ನೋಡಲು ಧೈರ್ಯವೇ ಬರಲಿಲ್ಲ.

ನಾವಿಕರಾಗಲು ಬರುವವರಿಗೆ ಅವಳು ಎರಡು ಗೋಳಗಳನ್ನಿಟ್ಟು ಪಾಠ ಹೇಳುತ್ತಾಳೆ. ಒಂದರ ಮೇಲೆ ದೇಶ, ಸಮುದ್ರ. ಇನ್ನೊಂದರ ಮೇಲೆ ನಕ್ಷತ್ರಗಳು. ಬೆನ್ನ ಹಿಂದೆ ಎಲ್ಲರೂ 'ಗೋಳಿನ ಟೀಚರ್' ಅಂದರೆ, ಪಾಠಕ್ಕೆ ಬರುತ್ತಿದ್ದ ಇವನು ಮಾತ್ರ ಮುಖದೆದುರೇ ಅಂದು ನಗಿಸಿದ್ದ. ಆಮೇಲೊಂದು ದಿನ ಹೇಳದೆ ಕೇಳದೆ ಹಡಗು ಹತ್ತಿಬಿಟ್ಟಿದ್ದ. ಒಂದು ವರ್ಷ... ದಿನವೂ ಅವಳು ಭೂಗೋಳದ ಮೇಲೆ ಅವನ ಹಡಗಿನ ದಾರಿಯಲ್ಲಿ ಬೆರಳಾಡಿಸಿದ್ದಳು. ಯಾರಿಗೆ ಹೇಳುವುದು ಅದನ್ನು?

"ಹೇಳದೆ ಹೋದೋರಿಗೆ ನಾನು ಹೇಗಿದ್ರೇನು?"

"ಹೇಳದೆ ಹೋದ್ನಾ? ಹಡಗು ಬಿಡೋವರೆಗೂ ಬಂದರಿನ ಮೆಟ್ಟಿಲ ಮೇಲೆ ಕಾದಿದ್ದೆ! ನೀವು ಬರಲಿಲ್ಲ. ಇಷ್ಟ ಇಲ್ಲ ಅಂದುಕೊಂಡೆ."

"ನನ್ನನ್ನ ಕರೆದೋರು ಯಾರು?"

"ಹಿಂದಿನ ದಿನ ಪಾಠ ಮುಗಿದ ಮೇಲೆ ಆಕಾಶಗೋಳವನ್ನ ಮರುದಿನದ ಸೂರ್ಯೋದಯಕ್ಕೆ ತಿರುಗಿಸಿಟ್ಟಿದ್ದೆ. ಭೂಗೋಳದಲ್ಲಿ ನಮ್ಮ ಬಂದರನ್ನ ನೆತ್ತಿಗೆ ತಂದಿಟ್ಟಿದ್ದೆ. ಎಲ್ಲಿ, ಯಾವಾಗ... ಎಲ್ಲಾ ಇತ್ತಲ್ಲ! ನೀವೇ ಕಲಿಸಿದ್ದು."

ಅವಳು ತಟ್ಟನೆ ಅವನತ್ತ ತಿರುಗಿದಳು.

"ಬೀಗ ಹಾಕೋ ಮುಂಚೆ ಎರಡೂ ಗೋಳಗಳನ್ನ ಸೊನ್ನೆ ಗುರುತಿಗೆ ತಿರುಗಿಸಿಡಬೇಕು. ಇಲ್ಲಿನ ನಿಯಮ ಅದು. ದಿನಾ ಮಾಡೋ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡ್ತೀನಿ... ಅವತ್ತೂ ಅಷ್ಟೇ. ಈ ಕೈಯಿಂದಲೇ... ನೋಡಲೇ ಇಲ್ಲ ನಾನು!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಏನೋ. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಬಾಯಿಬಿಟ್ಟು ಹೇಳಿದ್ರೆ ಮುತ್ತು ಉದುರ್ತಿತ್ತಾ?"

"ಹೆದರಿಕೆ ಆಗ್ತಿತ್ತು ಟೀಚರ್." ಅವನು ತಲೆ ತಗ್ಗಿಸಿದ. "ಇವತ್ತು ನಾಲ್ಕು ಗಂಟೆಗೆ ಮತ್ತೆ ಹಡಗು. ಈ ಸಲ ಮೂರು ವರ್ಷ. ಬಂದರಿನಲ್ಲೇ ಒಂದು ಕೆಲಸ ಕೊಡ್ತೀವಿ ಅಂದಿದ್ದಾರೆ. ಯಾರಿಗೋಸ್ಕರ ಉಳೀಲಿ ಅಂತ ಒಪ್ಪಿಕೊಂಡಿಲ್ಲ."

ಗೋಡೆಯ ಗಡಿಯಾರದಲ್ಲಿ ಮೂರೂಕಾಲು.

'ಈಗಲೂ ಸುಮ್ಮನಿದ್ದರೆ ಇನ್ನು ಬೆರಳಾಡಿಸುವುದೊಂದೇ ಗತಿ...' ಎಂದುಕೊಂಡಳು. ಮೂರು ವರ್ಷ! ಅಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಒರೆಸುವ ಬಟ್ಟೆಯನ್ನು ಮೇಜಿನ ಮೇಲೆಸೆದು ಅವನೆದುರು ಬಂದು ನಿಂತಳು.

"ನನಗೋಸ್ಕರ ಉಳಿ. ನೀನಂದ್ರೆ ನಂಗಿಷ್ಟ... ಪ್ರಾಣ! ಹೋಗಬೇಡ."

ಅವನ ಕಣ್ಣು ತುಂಬಿ ಬಂತು. "ಇನ್ನೊಂದ್ಸಲ ಹೇಳಿ ಟೀಚರ್..."

"ಟೀಚರ್ ಅಂದ್ರೆ ಹೇಳಲ್ಲ."

"ಮತ್ತೆ ಏನಂತ ಕರೀಲಿ?"

"ನಿಧಾನವಾಗಿ ಯೋಚನೆ ಮಾಡು," ಎಂದಳು, ಅವನ ಕೈ ಹಿಡಿದು. "ಇಲ್ಲೇ ಇರ್ತೀಯಲ್ಲ!"